ತಪ್ಪಿಸಿಕೊಂಡ ನಗುಮುಖ

"‘ನಗುಮುಖ’ ಅನ್ನುವ ಫೈಲ್ ಬಂದರೆ ತೆರೆಯಬೇಡಿ. ಕಂಪ್ಯೂಟರಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಗೊತ್ತಿರುವವರಿಗೆಲ್ಲ ಕೂಡಲೇ ತಿಳಿಸಿ."

ಹಲ್ಲುಜ್ಜುತ್ತಿದ್ದ ಹುಡುಗಿಯ ಕೈ ನಿಂತಿತು. ಮೆಸೇಜು ಬಂದದ್ದು ಗುರುತಿಲ್ಲದ ನಂಬರಿನಿಂದ. ಆದರೆ ನಗುಮುಖ ಎಂಬ ಹೆಸರಿಟ್ಟವಳು ಅವಳೇ.

ಕಾಲೇಜಿನ ಪ್ರಾಜೆಕ್ಟಿಗಾಗಿ ಅವಳ ನಾಲ್ವರ ಗುಂಪು ತಯಾರಿಸಿದ ಮಾದರಿ ವೈರಸ್ ಅದು. ಪರದೆಯ ಮೇಲೆ ನಗುವ ಮುಖವೊಂದನ್ನು ಬಿಡಿಸಿ, ತನ್ನದೇ ನಕಲು ಮಾಡಿಕೊಂಡು ಸುಮ್ಮನಾಗುವ ಬಡಪಾಯಿ. ಲ್ಯಾಬಿನ ಮೂಲೆಯಲ್ಲಿ, ಬೇರೆ ಯಾವುದಕ್ಕೂ ಜೋಡಿಸದ ಒಂಟಿ ಕಂಪ್ಯೂಟರಿನಲ್ಲಿ ಅದರ ವಾಸ. ಅಲ್ಲಿಂದ ಹೊರಗೆ ಕಾಲಿಟ್ಟರೆ ನಾಲ್ವರಿಗೂ ಸೊನ್ನೆ ಎಂದು ಮೇಷ್ಟರು ಮೊದಲೇ ಹೇಳಿದ್ದರು. ಪ್ರಾಜೆಕ್ಟನ್ನು ತರಗತಿಯ ಮುಂದೆ ಒಪ್ಪಿಸಬೇಕಾದದ್ದು ಇವತ್ತೇ.

ಗುಂಪಿನವರು ಅವಳನ್ನು ಲೀಡರಮ್ಮ ಎನ್ನುತ್ತಿದ್ದುದು ಸುಮ್ಮನೆ ಅಲ್ಲ. ಬಾಯಿ ಮುಕ್ಕಳಿಸುವ ಮೊದಲೇ ಮೆಸೇಜನ್ನು ತರಗತಿಗೆ, ಹಾಸ್ಟೆಲಿಗೆ, ಆಫೀಸಿಗೆ, ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಅಕ್ಕನಿಗೆ ಕಳಿಸಿಬಿಟ್ಟಳು. ಮೇಷ್ಟರಿಗೊಬ್ಬರಿಗೆ ಕಳಿಸಲು ಧೈರ್ಯ ಸಾಲಲಿಲ್ಲ.

ಆಮೇಲೆ ಯೋಚಿಸಿದಳು. ಆ ಬಡಪಾಯಿಗೆ ಅಳಿಸುವ ಬುದ್ಧಿ ಕಲಿಸಿ ಹೊರಗೆ ಬಿಟ್ಟವರು ಯಾರು? ಅನುಮಾನ ದೂರ ಹೋಗಬೇಕಾಗಿರಲಿಲ್ಲ. ಇಬ್ಬರು ತಮ್ಮ ಭಾಗ ಬರೆದುಕೊಟ್ಟಿದ್ದರು. ಉಳಿದವನು ಕುಂಭಕರ್ಣ. ‘ವೈರಸ್ ಹರಡುವ ಬಗೆ’ ಅವನ ಪಾಲಿಗೆ ಬಂದ ಭಾಗ. ಕೇಳಿದಾಗಲೆಲ್ಲ ಆಗ್ತಿದೆ ಎಂದು ಆಕಳಿಸುತ್ತಿದ್ದ. ನಿನ್ನೆ ಲ್ಯಾಬಿನ ಬಾಗಿಲು ಹಾಕಿದವನೂ ಅವನೇ.

ಕಾಲೇಜು ಅಲ್ಲೋಲಕಲ್ಲೋಲವಾಗಿತ್ತು. ಆಫೀಸಿನ ಗುಮಾಸ್ತರು ಕಂಪ್ಯೂಟರಿನ ಪ್ಲಗ್ ಕಿತ್ತು, ಅದೇ ನೆಪದಲ್ಲಿ ಚಹಾಕ್ಕೆ ಹೋಗಿದ್ದರು. ಲೈಬ್ರರಿಯಲ್ಲಿ ಪುಸ್ತಕ ಕೊಡುವುದು ನಿಂತಿತ್ತು. ಅಕ್ಕ ಫೋನು ಮಾಡಿ, ಕೀಬೋರ್ಡು ಮುಟ್ಟಿದ್ದಕ್ಕೆ ತಮ್ಮ ಡಾಕ್ಟರು ಸೋಪು ಹಾಕಿ ಕೈ ತೊಳೆದುಕೊಂಡರೆಂದು ವರದಿ ಕೊಟ್ಟಳು.

ಕುಂಭಕರ್ಣ ಕಾರಿಡಾರಿನ ಬೆಂಚಿನ ಮೇಲಿದ್ದ. ಇವತ್ತೇಕೋ ಪೂರ್ತಿ ಎಚ್ಚರವಾಗಿದ್ದ.

"ನಗುಮುಖಾನ ಹೊರಗೆ ಬಿಟ್ಟಿದ್ದು ನೀನೇ ತಾನೇ?"

"ನಾನು ಅದನ್ನ ಮುಟ್ಟೇ ಇಲ್ಲ ಕಣೇ." ಅವನ ಮುಖದಲ್ಲಿ ಕಾಳಜಿ ಕಂಡಿತು. "ಎಲ್ಲರಿಗೂ ತಿಳಿಸಿದ್ಯಾ? ಯಾರೂ ಬಿಟ್ಟುಹೋಗಿಲ್ಲ ತಾನೇ?"

ಅಂತೂ ಇವನಿಗೂ ಜವಾಬ್ದಾರಿ ಬಂತಲ್ಲ ಎಂದು ಅವಳ ಸಿಟ್ಟು ಅರ್ಧ ಇಳಿಯಿತು. ಮೇಷ್ಟರೊಬ್ಬರಿಗೆ ಹೇಳಿಲ್ಲವೆಂದು ಒಪ್ಪಿಕೊಂಡಳು.

"ಅವರಿಗೂ ತಲುಪಿರುತ್ತೆ ಬಿಡು."

ತಲುಪಿತ್ತು, ಹೆಂಡತಿಯ ತಂಗಿಯ ಮೂಲಕ. ಮೇಷ್ಟರು ಬಂದವರೇ ಮೂಲೆಯ ಕಂಪ್ಯೂಟರನ್ನು ಜಾಲಾಡಿದರು. ನಗುಮುಖ ಇದ್ದಲ್ಲೇ ಇತ್ತು. ಯಾರೂ ಅದನ್ನು ಹೊರಗೆ ಒಯ್ದ ಗುರುತಿರಲಿಲ್ಲ. ಲ್ಯಾಬಿನ ಉಳಿದ ಕಂಪ್ಯೂಟರುಗಳೂ ತೊಳೆದಿಟ್ಟ ತಟ್ಟೆಯಂತೆ ಸ್ವಚ್ಛ. ಅವರು ಹುಬ್ಬು ಗಂಟಿಕ್ಕಿಕೊಂಡೇ ತರಗತಿಗೆ ಬಂದರು.

ಆ ಫೈಲ್ ಯಾರ್ಯಾರಿಗೆ ಬಂದಿದೆ, ಕೈ ಎತ್ತಿ ಎಂದರು. ಒಂದು ಕೈಯೂ ಏಳಲಿಲ್ಲ.

ಹಾಗಾದರೆ ಆ ಮೆಸೇಜನ್ನು ಮುಂದಕ್ಕೆ ಕಳಿಸಿದವರು ಯಾರು ಎಂದು ಕೇಳಿದರು. ಇಡೀ ತರಗತಿ ಕೈ ಎತ್ತಿತು. ಸ್ವಲ್ಪ ತಡವಾಗಿ, ಕಿವಿಯ ಮಟ್ಟಕ್ಕೆ, ಮೇಷ್ಟರ ಕೈಯೂ ಎದ್ದಿತು.

ಎತ್ತದವನು ಕುಂಭಕರ್ಣ ಒಬ್ಬನೇ. ಅವನು ಎದ್ದು ನಿಂತ. ಲೀಡರಮ್ಮ ಕಣ್ಣು ಮುಚ್ಚಿಕೊಂಡು ಸೊನ್ನೆಗೆ ಕಾದಳು.

"ನನ್ನ ಭಾಗ ಮುಗೀತು ಸರ್. ವೈರಸ್ ಅಂದ್ರೆ ಆ ಮೆಸೇಜೇ. ತಮ್ಮನ ಫೋನಿಂದ ನಾನು ಅದನ್ನ ಕಳಿಸಿದ್ದು ಒಬ್ಬರಿಗೆ ಮಾತ್ರ, ನಮ್ಮ ಲೀಡರಮ್ಮನಿಗೆ."