ಕುಲಾವಿಗೆ ಸೇರಿದ ಕೂದಲು

ಚೆನ್ನಾಜಿ ಬಿಚ್ಚುತ್ತಿದ್ದ ನೂಲು ತಟಕ್ಕನೆ ಸಿಕ್ಕಿಕೊಂಡಿತು. ಮಗುವಿನ ಕುಲಾವಿಗೆಂದು ದಂಡಿನ ಹಳೇ ಬಟ್ಟೆ ರಾಶಿಯಿಂದ ತಂದ, ಯಾರೋ ಬಿಳಿಯ ಸಿಪಾಯಿಯ ಸ್ವೆಟರ್. ಎದೆಯ ಹತ್ತಿರ ಜೇನುಬಣ್ಣದ ಉದ್ದ ಕೂದಲೊಂದು ನೂಲಿನ ಜೊತೆಯೇ ಹೆಣೆದುಕೊಂಡು, ಹೊಸಕೋಟೆಯ ಇಳಿಬಿಸಿಲಿಗೆ ಕನಸಿನಂತೆ ಮಿನುಗುತ್ತಿತ್ತು.

“ಗಾಳಿಗೆ ಬಿಡ್ಬೇಡ ಕಣಮ್ಮಿ. ಉದುರಿದ ಕೂದ್ಲು ಗೋಡೆ ಸಂದೀಗೆ ಸಿಗಿಸ್ಬೇಕು,” ಎಂದಳು ಉಂಡೆ ಸುತ್ತುತ್ತಿದ್ದ ಅತ್ತೆ ಅಕ್ಕಯಮ್ಮ.

“ಉದುರಿದ್ದಲ್ಲ ಅತ್ತೆ, ಬೇಕಂತ್ಲೇ ಹೆಣೆದಿರೋದು. ನಿಮ್ಮ ಮಗನ ಸ್ವೆಟರ್‌ಗೆ ನಾನೂ ನಂದೊಂದು ಹಿಂಗೇ ಸೇರ್ಸಿದ್ದೆ.”

ಚೆನ್ನಾಜಿಯ ಗಂಡ ಹೋಗಿದ್ದ ಬರ್ಮಾದ ಯುದ್ಧ ಮುಗಿದು ವರ್ಷವಾಗಿತ್ತು. ಮಗ ಇವತ್ತೋ ನಾಳೆಯೋ ಬರುತ್ತಾನೆಂದು ದಿನವೂ ಹೇಳುತ್ತಿದ್ದವಳು ಅಕ್ಕಯಮ್ಮನೇ. ಅವಳು ಉಂಡೆಯನ್ನು ಕೆಳಗಿಟ್ಟು, ಆ ಕೂದಲನ್ನು ಮೆಲ್ಲಗೆ ಬಿಡಿಸಿ ಸೊಸೆಯ ಅಂಗೈಲಿಟ್ಟಳು.

“ಕುಲಾವಿಗೆ ಸೇರ್ಸಮ್ಮ. ಅವನ ಸ್ವೆಟರ್ ಬಿಚ್ಚೋರೂ ಹಿಂಗೇ ಮಾಡ್ಲಿ.”