ತಂತಿ ಸುತ್ತಿದ ಕನ್ನಡಕ

ಬೀಗರು ಬರುವ ಹೊತ್ತಾಗಿತ್ತು. ಮಂದಾಕಿನಿಯ ಕಣ್ಣು ಮಾತ್ರ ಮತ್ತೆ ಮತ್ತೆ ಅಪ್ಪನ ಕನ್ನಡಕದ ಮೇಲೇ ಹೋಗುತ್ತಿತ್ತು. ಮುರಿದ ಕಡ್ಡಿಗೆ ತಾಮ್ರದ ತಂತಿ ಸುತ್ತಿ, ಮೇಲೆ ಕಪ್ಪು ದಾರ ಬಿಗಿದು, ಅವರೇ ಅದನ್ನು ರಿಪೇರಿ ಮಾಡಿಕೊಂಡಿದ್ದರು.

"ಅಪ್ಪಾ, ನಿಶ್ಚಿತಾರ್ಥದ ಫೋಟೋದಲ್ಲೆಲ್ಲ ಈ ತಂತಿಯೇ ಕಾಣತ್ತೆ. ಹೊಸದು ಮಾಡಿಸ್ಕೊಳ್ಳಿ ಅಂದ್ರೆ ಕೇಳಲಿಲ್ಲ ನೀವು."

"ಗಾಜು ಚೆನ್ನಾಗೇ ಇದೆಯಲ್ಲಮ್ಮ. ಕಡ್ಡಿ ಮುರೀತು ಅಂತ ಕನ್ನಡಕಾನೇ ಎಸೆಯೋಕಾಗತ್ತಾ? ಇದು ನನ್ನ ಮೂಗಿಗೆ ಒಗ್ಗಿಬಿಟ್ಟಿದೆ."

"ಅವರ ಮುಂದೆ ನನಗೆ ನಾಚಿಕೆ ಆಗತ್ತೆ."

ಮಾತು ಬಾಯಿಂದ ಬಿದ್ದ ಕೂಡಲೇ ಅವಳಿಗೇ ಕಸಿವಿಸಿಯಾಯಿತು. ಅಪ್ಪ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಅವರ ಮುಖ ನೋಡಲಾರದೆ ಅವಳು ಒಳಗೆ ಹೋದಳು.

ನಡುಮನೆ ತುಂಬಿತು. ಹೆಂಗಸರು ಒಳಗೂ ಹೊರಗೂ ಓಡಾಡುತ್ತಿದ್ದರು. ಬೀಗರು ತಂದ ರೇಷ್ಮೆ ಸೀರೆಯುಟ್ಟು ಅವಳು ಹೊರಬಂದಾಗ ಅಪ್ಪ ಕೋಣೆಯ ಬಾಗಿಲ ಬಳಿಯೇ ನಿಂತು ಎಲ್ಲರನ್ನೂ ಉಪಚರಿಸುತ್ತಿದ್ದರು. ಅವಳು ಅವರೆದುರು ಹೋಗಿ ನಿಂತಳು.

ಅಪ್ಪ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಎರಡೂ ಕೈ ಜೋಡಿಸಿದರು.

"ಬನ್ನಿ ತಾಯಿ, ಕೂತ್ಕೊಳ್ಳಿ. ನನ್ನ ಮಗಳು ಇನ್ನೇನು ಬರ್ತಾಳೆ."