ಅಪ್ಪನ ಕ್ಯಾಮೆರಾಕ್ಕೆ ಕಾವಲು

ಅಕ್ಕಿ ಹುರಿಯುವ ವಾಸನೆ ಬಂದರೆ ಈಗಲೂ ನನಗೆ ಭಾಲ್ಕಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಮದುವೆಗಳ ಫೋಟೊ ತೆಗೆಯುತ್ತಿದ್ದ. ಬರ ಬಿದ್ದು ಮದುವೆಗಳೇ ನಿಂತುಹೋದ ವರ್ಷ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೊರಟ. ಹೊರಡುವಾಗ ಕ್ಯಾಮೆರಾದ ಚರ್ಮದ ಚೀಲವನ್ನು ಟ್ರಂಕಿನಲ್ಲಿಟ್ಟು, ಹತ್ತು ವರ್ಷದ ನನಗೆ ಹೇಳಿದ: "ವಾರಕ್ಕೊಮ್ಮಿ ಹಿಡಿ ಅಕ್ಕಿ ಹುರದು, ಆರಿಸಿ, ಅರಬಿ ತುಂಡಿನ್ಯಾಗ ಕಟ್ಟಿ ಇದರ ಬಾಜೂಕ ಇಡವ್ವ. ಅದು ತೇವ ಹೀರ್ತದ. ಚೀಲ ಮಾತ್ರ ಬಿಚ್ಚಬ್ಯಾಡ, ಹಸಿ ಗಾಳಿ ಹೋದರ ಲೆನ್ಸಿಗೆ ಬೂಷ್ಟು ಹಿಡಿತದ. ನಾ ಬಂದ ಮ್ಯಾಲ ಮೊದಲ ಫೋಟೊ ನಿಂದೇ."

ಆ ವರ್ಷ ಮೋಡ ಕವಿಯುತ್ತಿತ್ತು, ಗಾಳಿಯಲ್ಲಿ ತೇವವಿರುತ್ತಿತ್ತು, ಮಳೆ ಮಾತ್ರ ಸುರಿಯಲಿಲ್ಲ. ನಾನು ಒಂದು ವಾರವೂ ತಪ್ಪಿಸಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಅಕ್ಕಿ ಗಂಟು ಬದಲಿಸಲು ಎತ್ತಿದ ಚೀಲ ಕೈಜಾರಿ ಬಿದ್ದು ಬಾಯಿ ತೆರೆಯಿತು. ಒಳಗೆ ಅಪ್ಪನ ಹಳೆಯ ಅಂಗಿಯಲ್ಲಿ ಸುತ್ತಿದ ಇಟ್ಟಂಗಿ ಇತ್ತು.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಿಮ್ಮಪ್ಪ ಹೋಗೂಕಿಂತ ಮೊದಲೇ ಮಾರ್ಯಾರ. ನೀ ಅಳ್ತಿ ಅಂತ ಹೇಳಲಿಲ್ಲ," ಅಂದಳು.

"ನಿನಗ ಗೊತ್ತಿತ್ತೇನು? ನಾ ಹುರಿಯೂದು ನೋಡ್ಕೋತ ಕುಂತಿದ್ದಿಯೇನು?"

ಅವ್ವ ಇನ್ನೊಂದು ಹಿಟ್ಟಿನ ಉಂಡೆ ಕೈಗೆತ್ತಿಕೊಂಡಳು.

ದೀಪಾವಳಿಗೆ ಅಪ್ಪ ನನಗೊಂದು ಹೊಸ ಲಂಗ ತಂದ. ಎರಡು ದಿನ ಇದ್ದು ಹೋದ. ಕ್ಯಾಮೆರಾ ಹೇಗಿದೆ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.